ಓಡೋಕೆ ಶುರು ಮಾಡಿದ್ಮೇಲೆ ಹಿಮೋಗ್ಲೋಬಿನ್ ಯಾಕೆ ಇಳಿಯುತ್ತೆ?

ಸ್ಕ್ರೀನ್ ಮೇಲೆ ಎರಡು ಸಿಬಿಸಿ (ರಕ್ತಕಣ ಎಣಿಸೋ ಟೆಸ್ಟ್) ರಿಪೋರ್ಟ್ ಇದೆ ನೋಡಿ. ಲೆಕ್ಕ ತೋರಿಸೋಕೆ ಅಂತ ಮಾಡಿರೋ ಉದಾಹರಣೆ ಇದು. ಎಡಗಡೆದು ಓಟ ಶುರು ಮಾಡೋಕೆ ಮುಂಚಿನದು: ಹಿಮೋಗ್ಲೋಬಿನ್ 15, ಪಿಸಿವಿ (ರಕ್ತದಲ್ಲಿ ಕೆಂಪು ಕಣ ಎಷ್ಟು ಪರ್ಸೆಂಟ್ ಅಂತ) 44. ಬಲಗಡೆದು ಎರಡು ವಾರ ಓಡಿದ್ಮೇಲೆ: ಹಿಮೋಗ್ಲೋಬಿನ್ 14.2, ಪಿಸಿವಿ ಸುಮಾರು 42. ಇಷ್ಟು ನೋಡಿದ್ರೆ ಸಾಕು, ಎಷ್ಟೋ ಜನ ಗಾಬರಿಬಿದ್ದು ಮೆಡಿಕಲ್ ಶಾಪ್‌ನಿಂದ ಐರನ್ ಮಾತ್ರೆ ತಂದುಬಿಡ್ತಾರೆ. ಸ್ವಲ್ಪ ತಡೀರಿ.

70 ಕೆಜಿ ತೂಕದ ಗಂಡಸಿನ ಮೈಯಲ್ಲಿ ಹೆಚ್ಚುಕಮ್ಮಿ 5 ಲೀಟರ್ ರಕ್ತ ಇರುತ್ತೆ. ಪಿಸಿವಿ 44 ಅಂದ್ರೆ ಅದರಲ್ಲಿ 2.2 ಲೀಟರ್ ಕೆಂಪು ಕಣ, ಮಿಕ್ಕ 2.8 ಲೀಟರ್ ಬಹುಪಾಲು ಪ್ಲಾಸ್ಮಾ, ಅಂದ್ರೆ ರಕ್ತದ ನೀರಿನಂಥ ಭಾಗ. ತರಬೇತಿಗೆ ಮೊದಲು ಏರೋದು ಈ ಪ್ಲಾಸ್ಮಾನೇ. ಒಂದು ಗಟ್ಟಿ ವರ್ಕೌಟ್ ಆಗಿ 24 ಗಂಟೆಯೊಳಗೆ ಶುರುವಾಗಿ, ಒಂದೆರಡು ವಾರದಲ್ಲಿ 10 ಪರ್ಸೆಂಟ್ ಆಸುಪಾಸು ಹೆಚ್ಚುತ್ತೆ. ಅಂದ್ರೆ 280 ಎಂಎಲ್. 100 ಎಂಎಲ್ ರಕ್ತಕ್ಕೆ 15 ಗ್ರಾಂ ಲೆಕ್ಕದಲ್ಲಿ ಒಟ್ಟು ಹಿಮೋಗ್ಲೋಬಿನ್ ಮುಂಚೆ 750 ಗ್ರಾಂ ಇತ್ತು, ಈಗಲೂ ಅಷ್ಟೇ. ಸಾರಿಗೆ ನೀರು ಬೆರೆಸಿದ ಹಾಗೆ ತೆಳ್ಳಗಾಗಿದೆ, ಅಷ್ಟೆ. ಲ್ಯಾಬ್‌ನವರು ಅಳೆಯೋದು 100 ಎಂಎಲ್, ಅಂದ್ರೆ ಒಂದು ಡೆಸಿಲೀಟರ್‌ನಲ್ಲಿ ಎಷ್ಟಿದೆ ಅಂತ.

ಈ ನೀರು ನಿಲ್ಲೋದು ಹೇಗೆ? ಆಲ್ಡೋಸ್ಟೆರಾನ್ ಹಾರ್ಮೋನ್ ಏರಿ ಕಿಡ್ನಿ ಉಪ್ಪನ್ನ ಬಿಟ್ಟುಕೊಡಲ್ಲ, ಉಪ್ಪಿನ ಜೊತೆ ನೀರೂ ಉಳಿಯುತ್ತೆ. ರಕ್ತದಲ್ಲಿ ಆಲ್ಬುಮಿನ್ ಪ್ರೋಟೀನ್ ಹೆಚ್ಚಾಗಿ ಆ ನೀರನ್ನ ರಕ್ತನಾಳದೊಳಗೇ ಹಿಡಿದಿಡುತ್ತೆ. ಹಾಗಾಗಿ ಬರೀ ನೀರು ಕುಡಿದ್ರೆ ಮೂತ್ರವಾಗಿ ಹೋಗುತ್ತೆ. ಲಾಂಗ್ ರನ್ ಆದ್ಮೇಲೆ ಉಪ್ಪು ಹಾಕಿದ ಮಜ್ಜಿಗೆ, ಜೊತೆಗೆ ಎರಡು ಮೊಟ್ಟೆನೋ ಮೊಳಕೆಕಾಳೋ ತಗೊಳ್ಳಿ. ಬಿಪಿ ಇರೋರು ಉಪ್ಪಿನ ವಿಷಯ ಡಾಕ್ಟರ್ ಹತ್ರ ಕೇಳಿ.

ಇದರ ಲಾಭ ಹೃದಯಕ್ಕೆ. ರಕ್ತ ಹೆಚ್ಚಿದ್ರೆ ವಾಪಸ್ ಬರೋದೂ ಹೆಚ್ಚು, ಎಡ ಹೃತ್ಕುಕ್ಷಿ (ಮೈಗೆಲ್ಲ ರಕ್ತ ತಳ್ಳೋ ಹೃದಯದ ಕೋಣೆ) ಚೆನ್ನಾಗಿ ತುಂಬಿ ಹಿಗ್ಗುತ್ತೆ, ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ಆಚೆ ಹೋಗುತ್ತೆ. ಸುಮ್ಮನೆ ಕೂತಾಗ ನಿಮಿಷಕ್ಕೆ 5 ಲೀಟರ್ ಬೇಕು ಅಂದ್ಕೊಳ್ಳಿ. ಬಡಿತಕ್ಕೆ 70 ಎಂಎಲ್ ಆದ್ರೆ 70 ಸಲ ಬಡೀಬೇಕು, 100 ಎಂಎಲ್ ಆದ್ರೆ 50 ಸಾಕು. ಗರಿಷ್ಠ ಹಾರ್ಟ್‌ರೇಟ್ ಮಾತ್ರ ತರಬೇತಿಯಿಂದ ಏರಲ್ಲ, ಅದಕ್ಕೆ ಒದ್ದಾಡಬೇಡಿ. ಕೆಂಪು ಕಣ ಹೆಚ್ಚೋಕೆ ವಾರಗಟ್ಟಲೆ ಬೇಕು, ಹೃದಯದ ಗಾತ್ರ ಬದಲಾಗೋಕೆ ತಿಂಗಳುಗಳೇ ಬೇಕು.

ಹಾಗಂತ ಇಳಿದ ಹಿಮೋಗ್ಲೋಬಿನ್ ಎಲ್ಲಾ ನೀರಿಂದಲೇ ಅಂತಲೂ ಅಲ್ಲ. ಗಂಡಸರಿಗೆ 13, ಹೆಂಗಸರಿಗೆ 12ಕ್ಕಿಂತ ಕೆಳಗೆ ಹೋದ್ರೆ ಡಾಕ್ಟರ್‌ನ ನೋಡಿ, ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸೋ ಫೆರಿಟಿನ್ ಟೆಸ್ಟ್ ಮಾಡಿಸಿ. ಲಾಂಗ್ ರನ್ ಮಾರನೇ ದಿನವೋ ಜ್ವರ ಇದ್ದಾಗಲೋ ಮಾಡಿಸಬೇಡಿ. ಆಗ ಫೆರಿಟಿನ್ ಸುಳ್ಳುಸುಳ್ಳೇ ಜಾಸ್ತಿ ತೋರಿಸಿ ಕಬ್ಬಿಣದ ಕೊರತೆ ಮುಚ್ಚಿಹೋಗಬಹುದು. ಐರನ್ ಮಾತ್ರೆ ಬರೆದುಕೊಟ್ರೆ ಕಾಫಿ ಟೀ ಜೊತೆ ಬೇಡ.

ಇನ್ನು, ಬೇಗ ಬಂದಿದ್ದು ಬೇಗ ಹೋಗುತ್ತೆ. ಹತ್ತು ಹದಿನೈದು ದಿನ ಓಟ ಬಿಟ್ರೆ ಹೆಚ್ಚಿದ ಪ್ಲಾಸ್ಮಾದಲ್ಲಿ ದೊಡ್ಡ ಪಾಲು ಇಳಿದಿರುತ್ತೆ, ಹಳೇ ಪೇಸ್‌ನಲ್ಲಿ ಎದೆಬಡಿತ ಜಾಸ್ತಿ ಕಾಣುತ್ತೆ. ವಾಪಸ್ ಬಂದ ಮೊದಲ ವಾರ ಪೇಸ್ ಮರೆತುಬಿಡಿ, ಹಾರ್ಟ್‌ರೇಟ್ ನೋಡ್ಕೊಂಡು ಓಡಿ.