ಕೈಮರದ ಕ್ಯೂನಲ್ಲಿ ಸ್ಲಾಟ್ ಮೆಷಿನ್

ಇದು ಕೈಮರ ಚೆಕ್‌ಪೋಸ್ಟು. ಮುಳ್ಳಯ್ಯನಗಿರಿ ಎಲ್ಲಿ ಅಂತ ಕೇಳ್ಬೇಡಿ, ಮಂಜಿನ ಹಿಂದೆ ಎಲ್ಲೋ ಇದೆ. ಹಿಂದಿಂದ ಟಿಣಿಟಿಣಿ ಕೇಳ್ತಿದ್ಯಲ್ಲ, ಅದು ನಮ್ ಭಾವನ ಮೊಬೈಲಲ್ಲಿ ಸ್ಲಾಟ್ ಮೆಷಿನ್ ಆಟ: ಗುಂಡಿ ಒತ್ತಿದ್ರೆ ಚಿತ್ರದ ಚಕ್ರ ಮೂರು ತಿರುಗ್ತಾವೆ, ಮೂರರಲ್ಲೂ ಒಂದೇ ಚಿತ್ರ ನಿಂತ್ರೆ ಗೆದ್ದಂಗೆ. ಗೋವಾಕ್ಕೆ ಹೋಗೋರಿದಾರೆ, ಕ್ಯಾಸಿನೊಗೆ ಈಗಿಂದ್ಲೇ ಪ್ರಾಕ್ಟೀಸಂತೆ. ಗುಂಡಿ ಒತ್ತೋದಕ್ಕೆ ಎಂಥ ಪ್ರಾಕ್ಟೀಸ್ ಮಾರಾಯ್ರೆ!

ಈಗ ನೋಡಿ, ಎರಡು ಏಳು ಬಂತು, ಮೂರನೇದು ಜಾರ್ತು. ‘ಛೇ, ಸ್ವಲ್ಪದ್ರಲ್ಲಿ ತಪ್ತು’ ಅಂತಾರೆ. ಸ್ವಲ್ಪನೂ ಇಲ್ಲ, ಜಾಸ್ತಿನೂ ಇಲ್ಲ. ಗುಂಡಿ ಒತ್ತಿದ ಕ್ಷಣಕ್ಕೇ ಒಳಗೆ ಒಂದು ನಂಬರ್ ಎತ್ತಾಗಿರತ್ತೆ, ಚಕ್ರ ತಿರುಗೋದು ಬರೀ ತೋರಿಕೆಗೆ. ಹಿಂದಿನ ಆಟದ ನೆನಪೂ ಅದಕ್ಕಿರಲ್ಲ. ‘ಬೆಳಗ್ಗಿಂದ ಕೊಟ್ಟಿಲ್ಲ, ಈಗ ಕೊಟ್ಟೇ ಕೊಡತ್ತೆ’ ಅನ್ನೋದೆಲ್ಲ ಸುಳ್ಳು. ಅಮೆರಿಕದ ಚಾರ್ಲ್ಸ್ ಫೇ ಮಾಡಿದ ಹಳೇ ಮೆಷಿನ್‌ಗೆ ಮೂರು ಚಕ್ರ, ಒಂದೊಂದಕ್ಕೆ 10 ಚಿತ್ರ. ಒಟ್ಟು 1000 ಜೋಡಣೆ, ಕೂತು ಲೆಕ್ಕ ಹಾಕ್ಬಹುದಿತ್ತು. ಈಗ ಏಳು ಎಷ್ಟು ಅಪರೂಪಕ್ಕೆ ಬೀಳ್ಬೇಕು ಅನ್ನೋದು ಸಾಫ್ಟ್‌ವೇರ್ ಕೈಲಿ.

ಹಾಂ, ಗಾಡಿ ಬಿಟ್ರು... ಇಲ್ಲ, ಎರಡೇ ಅಡಿ. ಆ ಬೈಕಿನೋನು ಹೆಂಗೆ ನುಗ್ಗಿದ ನೋಡಿ!

ನನಗೆ ಮೈ ಉರಿದಿದ್ದು ಇಲ್ಲಿ. ಭಾವಂಗೆ ಪುಕ್ಕಟೆ ಕೊಟ್ಟ ಕಾಯಿನ್ ಖಾಲಿ ಆಯ್ತು. ತಕ್ಷಣ ಬಂಗಾರದ ಬಣ್ಣದ ಪೆಟ್ಟಿಗೆ ಕುಣೀತಾ ಬಂತು: 89 ರೂಪಾಯಿ ಕೊಡಿ, ರಾಶಿ ಕಾಯಿನ್ ತಗೊಳ್ಳಿ. ಕೊಟ್ಟೇಬಿಟ್ರು! ಸರಿ, ಕಾಯಿನ್ ಕೋಟಿ ಆದ್ರೂ ವಾಪಸ್ ಎಷ್ಟು ಬರತ್ತೆ? ಸೊನ್ನೆ. ಅದನ್ನ ದುಡ್ಡು ಮಾಡ್ಕೊಳ್ಳೋ ದಾರಿನೇ ಇಲ್ಲ. ಗೆದ್ರೂ ಸೋತ್ರೂ ನಮ್ದೇ ಖರ್ಚು! 89 ರೂಪಾಯಿಗೆ ಇಬ್ರೂ ಕಾಫಿ ಕುಡೀಬಹುದಿತ್ತು. ನಾನ್ ಹೇಳಿದ್ದಕ್ಕೆ ‘ಟೈಂಪಾಸು’ ಅಂತ ಉತ್ತರ. ಇದಕ್ಕಿಂತ ಕ್ಯಾಸಿನೊ ಮೆಷಿನ್ನೇ ವಾಸಿ.

ವಾಸಿ ಅಂದೆನಾ? ತಡೀರಿ. ನೂರಕ್ಕೆ 95 ವಾಪಸ್ ಕೊಡೋ ಮೆಷಿನ್ ಅಂತಿಟ್ಕೊಳ್ಳಿ. 10 ರೂಪಾಯಿ ಆಟ, ಗಂಟೆಗೆ 600 ಸಲ ಒತ್ತಿದ್ರೆ 6000 ಆಡ್ದಂಗಾಯ್ತು, ಸರಾಸರಿ 300 ಹೋಯ್ತು. ಜೇಬಿಂದ ತೆಗೆದಿದ್ದು 1000 ಇರ್ಬಹುದು, ಗೆದ್ದಿದ್ದನ್ನೇ ಮತ್ತೆ ಹಾಕ್ತೀವಲ್ಲ, ಕಡಿತ ಪ್ರತಿ ಸಲಕ್ಕೂ. ಸರಾಸರಿ ಅಷ್ಟೇ ಮತ್ತೆ, ಹತ್ತು ನಿಮಿಷದಲ್ಲಿ ಪೂರ್ತಿ ಬೋಳೂ ಆಗ್ಬಹುದು. ಅದಕ್ಕೆ ಆಡೋದೇ ಆದ್ರೆ ಹೋದ್ರೂ ಪರವಾಗಿಲ್ಲ ಅನ್ನೋವಷ್ಟು ನಗದು ಮಾತ್ರ ಒಯ್ಯಿ, ಕಾರ್ಡು ರೂಮಲ್ಲಿರ್ಲಿ. ನಿಧಾನಕ್ಕೆ ಒತ್ತಿ. ಹೋದದ್ದನ್ನ ಎತ್ತಕ್ಕೆ ಅಂತ ಸಾಲ ಕೇಳೋಕೆ ಶುರು ಮಾಡಿದ್ರೆ ಮುಗೀತು ಕಥೆ.

ಆ ಸದ್ದು ಮಾತ್ರ ಚೆನ್ನಾಗಿದೆ, ಸುಳ್ಳೇಕೆ ಹೇಳ್ಲಿ. ಒಂದು ಸಲ ನಾನೂ... ಅಯ್ಯೋ, ನಮ್ ಸರದಿ! ಡಿಕ್ಕಿ ತೆಗೀರಿ ಅಂತಿದಾರೆ. ಭಾವ, ಮೊಬೈಲ್ ಇಡಿ, ಇಳೀರಿ ಇಳೀರಿ!