ಕಂತು ಇಳಿಯಿತು, ಸಾಲ ಇಳಿಯಲಿಲ್ಲ

ಕೇಳುಗರೇ, ನಮಸ್ಕಾರ.

2009ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮ ಅರಿಜೋನಾದ ಮೇಸಾದಲ್ಲಿ ಗೃಹಸಾಲಗಾರರಿಗೊಂದು ಪರಿಹಾರ ಯೋಜನೆ ಪ್ರಕಟಿಸಿದರು. ಅದರ ಮುಖ್ಯ ಭಾಗವೇ ಸಾಲದ ಷರತ್ತು ಸಡಿಲಿಸುವ 'ಹ್ಯಾಂಪ್' (ಹೋಮ್ ಅಫೋರ್ಡಬಲ್ ಮಾಡಿಫಿಕೇಶನ್ ಪ್ರೋಗ್ರಾಂ). 30ರಿಂದ 40 ಲಕ್ಷ ಕುಟುಂಬಗಳ ಮನೆ ಉಳಿಸುವುದು ಗುರಿ. 2016ರ ಕೊನೆಗೆ ಅದು ಬಾಗಿಲು ಹಾಕಿದಾಗ ಕಾಯಂ ರಿಯಾಯಿತಿ ಸಿಕ್ಕವರು 20 ಲಕ್ಷವನ್ನೂ ಮುಟ್ಟಿರಲಿಲ್ಲ. ದುಡ್ಡು ಸಾಲದೆ ಹೀಗಾಯಿತು ಎನ್ನುವಂತಿಲ್ಲ. ಮೀಸಲಿಟ್ಟ ಹಣವೇ ಪೂರ್ತಿ ಖರ್ಚಾಗಲಿಲ್ಲ.

ಲೆಕ್ಕ ಸರಳವಾಗಿತ್ತು. ಕಂತು, ಮನೆ ತೆರಿಗೆ, ವಿಮೆ ಎಲ್ಲ ಸೇರಿ ತಿಂಗಳ ಒಟ್ಟು ಆದಾಯದ ಶೇಕಡಾ 31 ಮೀರಬಾರದು. 4,000 ಡಾಲರ್ ದುಡಿಯುವವರಿಗೆ 1,240 ಡಾಲರ್. ಅಲ್ಲಿಗೆ ಇಳಿಸಲು ಮೊದಲು ಬಡ್ಡಿಯನ್ನು ಶೇಕಡಾ 2ರವರೆಗೆ ತಗ್ಗಿಸಬೇಕು. ಸಾಲದಿದ್ದರೆ ಅವಧಿಯನ್ನು 40 ವರ್ಷಕ್ಕೆ ಎಳೆಯಬೇಕು. ಆಗಲೂ ಸಾಲದಿದ್ದರೆ ಅಸಲಿನ ಒಂದು ಭಾಗವನ್ನು ಬಡ್ಡಿಯಿಲ್ಲದೆ ಕೊನೆಗೆ ತಳ್ಳಬೇಕು. ತಳ್ಳುವುದು, ಮನ್ನಾ ಅಲ್ಲ. ಬಾಕಿ ಬಡ್ಡಿಯೂ ಅಸಲಿಗೇ ಸೇರುತ್ತಿತ್ತು. ಒಂದೂವರೆ ಲಕ್ಷ ಬಾಳುವ ಮನೆಯ ಮೇಲೆ ಎರಡು ಲಕ್ಷ ಸಾಲವಿದ್ದು 12,000 ಬಾಕಿಯಿದ್ದರೆ, ರಿಯಾಯಿತಿಯ ನಂತರ ಸಾಲ ಎರಡು ಲಕ್ಷದ ಹನ್ನೆರಡು ಸಾವಿರ! ಎರಡನೇ ಅಡಮಾನ, ಕಾರಿನ ಸಾಲ, ಕ್ರೆಡಿಟ್ ಕಾರ್ಡ್ ಈ 31ರ ಲೆಕ್ಕಕ್ಕೆ ಬರುತ್ತಲೇ ಇರಲಿಲ್ಲ.

ಆದರೆ ನಿಜವಾದ ಎಡವಟ್ಟು ಇದ್ದದ್ದು ತೀರ್ಮಾನ ಯಾರ ಕೈಯಲ್ಲಿತ್ತು ಎನ್ನುವುದರಲ್ಲಿ. ಅರ್ಜಿ ಹೋಗುತ್ತಿದ್ದದ್ದು ಸರ್ಕಾರಕ್ಕಲ್ಲ, ಕಂತು ವಸೂಲಿ ಮಾಡುವ ಸರ್ವಿಸರ್ ಕಂಪನಿಗೆ. ಸಾಲ ಕೊಟ್ಟ ಹಣ ಹೆಚ್ಚಿನ ಸಲ ಅದರದಲ್ಲ, ಹೂಡಿಕೆದಾರರದು. ಕಂಪನಿಯ ಸಂಪಾದನೆ ಉಳಿದ ಅಸಲಿನ ಮೇಲಿನ ಸಣ್ಣ ಶುಲ್ಕ ಮತ್ತು ತಡ ಪಾವತಿಯ ದಂಡ. ಸಾಲಗಾರ ಕಂತು ತಪ್ಪಿಸಿದಾಗ ತಾನು ಹೂಡಿಕೆದಾರರಿಗೆ ಮುಂಗಡ ಹಾಕಿದ ಹಣವನ್ನು, ಮನೆ ಹರಾಜಾದರೆ, ಎಲ್ಲರಿಗಿಂತ ಮೊದಲು ಅದೇ ಹಿಂಪಡೆಯುತ್ತದೆ. ಅಸಲು ಕಡಿತವಾದರೆ ಅದರ ಶುಲ್ಕಕ್ಕೇ ಕತ್ತರಿ. ಇಂಥವರನ್ನು ಒಲಿಸಲು ಆರಂಭದಲ್ಲಿ ಸರ್ಕಾರ ಇಟ್ಟ ಮುಖ್ಯ ಪ್ರೋತ್ಸಾಹಧನ ಒಂದು ಸಾಲಕ್ಕೆ 1,000 ಡಾಲರ್. ಕಡತ ಓದಲು ಸಿಬ್ಬಂದಿ ಇಡುವ ಆಸಕ್ತಿ ಎಲ್ಲಿಂದ ಬರಬೇಕು?

ಪರಿಣಾಮ ಕಾಗದಪತ್ರದಲ್ಲಿ ಕಂಡಿತು. ಸಂಬಳದ ಚೀಟಿ 90 ದಿನಕ್ಕಿಂತ ಹಳತಾಗಿರಬಾರದು. ಕಡತ ಮೇಜಿನ ಮೇಲೆಯೇ ಹಳಸುತ್ತಿತ್ತು. ಮತ್ತೆ ಕಳಿಸಿ ಎಂದು ಪತ್ರ ಬರುತ್ತಿತ್ತು. ಕಳಿಸಿದ್ದು ಕಾಣೆಯಾಗುತ್ತಿದ್ದುದೂ ಮಾಮೂಲು. ಕಾಯಂ ರಿಯಾಯಿತಿಗೆ ಮೊದಲು ಇಳಿಸಿದ ಕಂತು ಕಟ್ಟಿ ತೋರಿಸಬೇಕಾಗಿದ್ದ, ಮೂರು ತಿಂಗಳೆಂದು ಹೇಳಿದ್ದ ಪ್ರಾಯೋಗಿಕ ಅವಧಿ ಎಷ್ಟೋ ಮಂದಿಗೆ ತಿಂಗಳುಗಟ್ಟಲೆ ಬೆಳೆಯಿತು. ಆ ಅವಧಿಯಲ್ಲಿ ಕಡಿಮೆ ಕಂತು ಕಟ್ಟುತ್ತಿದ್ದರೂ ಹಳೆಯ ಕಂತಿಗೂ ಇದಕ್ಕೂ ಇರುವ ವ್ಯತ್ಯಾಸ ಬಾಕಿಯಾಗಿ ಕೂಡುತ್ತಿತ್ತು. ಕೊನೆಗೆ ಅರ್ಜಿ ತಿರಸ್ಕೃತವಾದರೆ ಅಷ್ಟೂ ಒಂದೇ ಸಲ ಕಟ್ಟಬೇಕು. ನಿಯತ್ತಾಗಿ ಹೇಳಿದಷ್ಟು ಕಟ್ಟಿದವರೇ ಹೆಚ್ಚು ಮುಳುಗಿದರು.

ಕೆಲಸ ಕಳೆದುಕೊಂಡವರ ಪಾಡು ಇನ್ನೊಂದು ಬಗೆ. ಯೋಜನೆ ಹೆಣೆದದ್ದು ಬಡ್ಡಿ ಏರಿ ಕಂತು ಭಾರವಾದವರಿಗಾಗಿ. ಅಷ್ಟರಲ್ಲಿ ಉದ್ಯೋಗಗಳೇ ಹೋಗತೊಡಗಿದ್ದವು. ಆದಾಯವೇ ಇಲ್ಲದವರಿಗೆ ಆದಾಯದ ಶೇಕಡಾ 31 ಎಂದರೆ ಏನು? ಅವರಿಗೆ ಕಂತು ಮುಂದೂಡುವ ವ್ಯವಸ್ಥೆ 2010ರಲ್ಲಿ ಬಂತು, ಮೊದಲಿಗೆ ಕನಿಷ್ಠ ಮೂರೇ ತಿಂಗಳಿನದು.

ಸರ್ವಿಸರ್ ಕಂಪನಿಯ ಒಂದು ವಿಭಾಗ ಅರ್ಜಿ ನೋಡುತ್ತಿದ್ದಾಗಲೇ ಇನ್ನೊಂದು ವಿಭಾಗ ಜಪ್ತಿ ನಡೆಸುವುದಕ್ಕೆ ಅಮೆರಿಕ ಸರ್ಕಾರದ ಗ್ರಾಹಕ ಹಣಕಾಸು ರಕ್ಷಣಾ ಬ್ಯೂರೋ 2014ರ ಜನವರಿಯಿಂದ ಲಗಾಮು ಹಾಕಿತು. ಸಾಮಾನ್ಯವಾಗಿ 120 ದಿನ ಬಾಕಿ ಆಗುವ ಮುನ್ನ ಜಪ್ತಿ ಪ್ರಕ್ರಿಯೆ ಆರಂಭಿಸುವಂತಿಲ್ಲ. ಹರಾಜಿಗೆ 37 ದಿನಕ್ಕಿಂತ ಮೊದಲೇ ಅರ್ಜಿ ಪೂರ್ಣವಾಗಿ ಸೇರಿದ್ದರೆ 30 ದಿನದೊಳಗೆ ಪರಿಶೀಲಿಸಬೇಕು, ಅಲ್ಲಿಯವರೆಗೆ ಹರಾಜಿಲ್ಲ. 'ಪೂರ್ಣವಾಗಿ' ಎಂಬುದರ ಮೇಲೆಯೇ ಎಲ್ಲ ನಿಂತಿದೆ: ಒಂದು ಹಾಳೆ ಕಡಿಮೆಯಿದ್ದರೂ ಈ ರಕ್ಷಣೆ ಪೂರ್ತಿ ಸಿಗದು. ಪರಿಶೀಲಿಸಿದ ಮೇಲೆ ರಿಯಾಯಿತಿ ಕೊಡಲೇಬೇಕೆಂದು ಆ ನಿಯಮ ಎಲ್ಲೂ ಹೇಳುವುದಿಲ್ಲ.