ಕತ್ತರಿಸುವ ಜಾಗ ಬದಲಾದಾಗ: ಕೀಟಗಳ ಜೀನ್‌ಗಳು ಮತ್ತು ಆರ್‌ಎನ್‌ಎ ಸ್ಪ್ಲೈಸಿಂಗ್

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಹೆಚ್ಚಾಗಿ ಒಂದೇ ಒಂದು ಜೀನ್ ಬಗ್ಗೆ ಮಾತಾಡುತ್ತೇನೆ. ಅದರ ಹೆಸರು ಡಬಲ್‌ಸೆಕ್ಸ್. ನೊಣ, ಸೊಳ್ಳೆ, ಜೇನು, ಚಿಟ್ಟೆ, ಜಿರಳೆ ಎಲ್ಲದರಲ್ಲೂ ಅದು ಇದೆ. ಗಂಡಿನಲ್ಲೂ ಇದೆ, ಹೆಣ್ಣಿನಲ್ಲೂ ಇದೆ. ಹಣ್ಣುನೊಣದ ಮೈ ಗಂಡಾಗಿ ಬೆಳೆಯಬೇಕಾ, ಹೆಣ್ಣಾಗಿ ಬೆಳೆಯಬೇಕಾ ಅನ್ನುವುದನ್ನು ಬಹುಪಾಲು ಈ ಜೀನೇ ನಡೆಸುತ್ತದೆ. ಇಬ್ಬರಲ್ಲೂ ಇರುವ ಒಂದೇ ಜೀನ್ ಎರಡು ಉಲ್ಟಾ ಕೆಲಸ ಮಾಡುವುದು ಹೇಗೆ?

ಉತ್ತರ ಸ್ಪ್ಲೈಸಿಂಗ್‌ನಲ್ಲಿದೆ. ಜೀನ್‌ನಲ್ಲಿರುವ ಮಾಹಿತಿ ಮೊದಲು ಆರ್‌ಎನ್‌ಎ ಆಗಿ ನಕಲಾಗುತ್ತದೆ, ಆಮೇಲೆ ಅದನ್ನು ಓದಿ ಜೀವಕೋಶ ಪ್ರೋಟೀನ್ ತಯಾರಿಸುತ್ತದೆ ಅಂತ ನಮಗೆಲ್ಲ ಗೊತ್ತು. ಆ ನಕಲು ಇದ್ದ ಹಾಗೇ ಬಳಕೆಗೆ ಬರುವುದಿಲ್ಲ ಅನ್ನುವುದು ಗೊತ್ತಾಗಿದ್ದು 1977ರಲ್ಲಿ. ರಿಚರ್ಡ್ ರಾಬರ್ಟ್ಸ್ ಮತ್ತು ಫಿಲಿಪ್ ಶಾರ್ಪ್ ಅವರ ತಂಡಗಳು ಬೇರೆ ಬೇರೆಯಾಗಿಯೇ ಇದನ್ನು ಒಂದು ವೈರಸ್‌ನ ಜೀನ್‌ಗಳಲ್ಲಿ ಕಂಡುಕೊಂಡವು. 1993ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆರ್‌ಎನ್‌ಎ ನಡುವೆ ಇರುವ ಇಂಟ್ರಾನ್ ಅನ್ನುವ ತುಂಡುಗಳನ್ನು ಜೀವಕೋಶ ಕತ್ತರಿಸಿ ಎಸೆಯುತ್ತದೆ. ಉಳಿದ ಎಕ್ಸಾನ್‌ಗಳನ್ನು ಒಂದಕ್ಕೊಂದು ಜೋಡಿಸುತ್ತದೆ. ಸ್ಪ್ಲೈಸಿಂಗ್ ಅಂದರೆ ಇಷ್ಟೇ. ಆದರೆ ಯಾವ ಎಕ್ಸಾನ್ ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನುವುದು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಹಣ್ಣುನೊಣದ ಡಿಸ್ಕ್ಯಾಮ್1 ಅನ್ನುವ ಜೀನನ್ನೇ ನೋಡಿ. ಅದರಲ್ಲಿ ನಾಲ್ಕು ಕಡೆ ಆಯ್ಕೆ ಇದೆ. 12ರಲ್ಲಿ ಒಂದು, 48ರಲ್ಲಿ ಒಂದು, 33ರಲ್ಲಿ ಒಂದು, ಕೊನೆಗೆ 2ರಲ್ಲಿ ಒಂದು. ಗುಣಿಸಿದರೆ 38,016 ಬಗೆಯ ಪ್ರೋಟೀನ್ ಸಾಧ್ಯ. ಆ ನೊಣದಲ್ಲಿ ಪ್ರೋಟೀನ್ ಮಾಡುವ ಜೀನ್‌ಗಳು ಇರುವುದೇ ಸುಮಾರು 14,000!

ಈಗ ಡಬಲ್‌ಸೆಕ್ಸ್‌ಗೆ ಬರೋಣ. ಹಣ್ಣುನೊಣದಲ್ಲಿ ಇದು, ಮೇಲಿನದು ಕೆಳಗಿನದನ್ನು ನಡೆಸುವ ಮೂರು ಜೀನ್‌ಗಳ ಸಾಲಿನಲ್ಲಿದೆ. ತಲೆಯಲ್ಲಿ ಸೆಕ್ಸ್‌ಲೀಥಲ್, ನಡುವೆ ಟ್ರಾನ್ಸ್‌ಫಾರ್ಮರ್, ಬುಡದಲ್ಲಿ ಡಬಲ್‌ಸೆಕ್ಸ್. ಸೆಕ್ಸ್‌ಲೀಥಲ್‌ನ ಮೂರನೇ ಎಕ್ಸಾನ್‌ನಲ್ಲಿ 'ಓದು ಇಲ್ಲಿಗೆ ಸಾಕು' ಅನ್ನುವ ಸಂಕೇತ ಇದೆ. ವಾಕ್ಯದ ಮಧ್ಯದಲ್ಲೇ ಪೂರ್ಣವಿರಾಮ ಬಿದ್ದ ಹಾಗೆ. ಗಂಡಿನಲ್ಲಿ ಆ ಎಕ್ಸಾನ್ ಉಳಿದುಕೊಳ್ಳುತ್ತದೆ, ಹಾಗಾಗಿ ಪೂರ್ತಿ ಪ್ರೋಟೀನ್ ಬರುವುದೇ ಇಲ್ಲ. ಹೆಣ್ಣು ಭ್ರೂಣದಲ್ಲಿ ಎರಡು ಎಕ್ಸ್ ಕ್ರೋಮೋಸೋಮ್ ಇರುವುದರಿಂದ ಶುರುವಿನಲ್ಲೇ ಒಂದಷ್ಟು ಸೆಕ್ಸ್‌ಲೀಥಲ್ ಪ್ರೋಟೀನ್ ಬೇರೆ ದಾರಿಯಿಂದ ತಯಾರಾಗುತ್ತದೆ. ಅದು ಮಾಡುವ ಕೆಲಸ ನೋಡಿ: ತನ್ನದೇ ಆರ್‌ಎನ್‌ಎ ಮೇಲೆ ಕೂತು, ಆ ಮೂರನೇ ಎಕ್ಸಾನ್ ಒಳಗೆ ಬರದಂತೆ ತಡೆಯುತ್ತದೆ. ಅದರಿಂದ ಇನ್ನಷ್ಟು ಪ್ರೋಟೀನ್, ಅದರಿಂದ ಮತ್ತಷ್ಟು ತಡೆ. ಒಮ್ಮೆ ಶುರುವಾದರೆ ಆ ನೊಣ ಬದುಕಿರುವಷ್ಟು ದಿನ ನಿಲ್ಲುವುದಿಲ್ಲ. ಎಷ್ಟು ಸಲ ಓದಿದರೂ ನನಗೆ ಇದು ಹೊಸದಾಗಿಯೇ ಬೆರಗು ಹುಟ್ಟಿಸುತ್ತದೆ.

ಅದೇ ಪ್ರೋಟೀನ್ ಟ್ರಾನ್ಸ್‌ಫಾರ್ಮರ್‌ನ ಆರ್‌ಎನ್‌ಎ ಸರಿಯಾಗಿ ಕತ್ತರಿಸುವಂತೆ ನೋಡಿಕೊಳ್ಳುತ್ತದೆ. ಟ್ರಾನ್ಸ್‌ಫಾರ್ಮರ್ ಪ್ರೋಟೀನ್ ಇದ್ದರೆ ಡಬಲ್‌ಸೆಕ್ಸ್‌ನ ನಾಲ್ಕನೇ ಎಕ್ಸಾನ್ ಸೇರಿಕೊಂಡು ಹೆಣ್ಣಿನ ರೂಪ ಬರುತ್ತದೆ. ಇಲ್ಲದಿದ್ದರೆ ನಾಲ್ಕನ್ನು ಬಿಟ್ಟು ಐದು, ಆರು ಸೇರಿ ಗಂಡಿನ ರೂಪ ಬರುತ್ತದೆ. ಎರಡೂ ರೂಪಗಳಲ್ಲಿ ಡಿಎನ್‌ಎ ಮೇಲೆ ಹಿಡಿತ ಹಾಕುವ ಭಾಗ ಒಂದೇ, ಬಾಲ ಮಾತ್ರ ಬೇರೆ.

ಇಲ್ಲಿಂದ ವಿಕಾಸದ ಕತೆ ಶುರು. ಮನೆನೊಣ ಹಣ್ಣುನೊಣಕ್ಕೆ ಅಷ್ಟೇನೂ ದೂರದ ನೆಂಟನಲ್ಲ. ಅದರಲ್ಲೂ ಸೆಕ್ಸ್‌ಲೀಥಲ್ ಇದೆ. ಆದರೆ ಅಲ್ಲಿ ಗಂಡು ಹೆಣ್ಣು ತೀರ್ಮಾನದಲ್ಲಿ ಅದಕ್ಕೆ ಪಾತ್ರವೇ ಇಲ್ಲ. ಜೇನಿನಲ್ಲಿ ತಲೆಯ ಜಾಗದಲ್ಲಿ ಕೂತಿರುವುದು ಸಿಎಸ್‌ಡಿ ಅನ್ನುವ ಇನ್ನೊಂದೇ ಜೀನ್. ಇದು ಪತ್ತೆಯಾಗಿದ್ದು 2003ರಲ್ಲಿ. ಸಿಎಸ್‌ಡಿಯಲ್ಲಿ ಹಲವಾರು ಬಗೆಗಳಿವೆ. ಮೊಟ್ಟೆಗೆ ತಾಯಿಯಿಂದ ಒಂದು ಬಗೆ, ತಂದೆಯಿಂದ ಇನ್ನೊಂದು ಬಗೆ ಬಂದರೆ ಹೆಣ್ಣು. ಫಲಿತವಾಗದ ಮೊಟ್ಟೆಯಲ್ಲಿ ಒಂದೇ ಬಗೆ ಇರುತ್ತದೆ, ಅದು ಗಂಡು. ಎರಡು ಕಡೆಯಿಂದಲೂ ಒಂದೇ ಬಗೆ ಬಂದುಬಿಟ್ಟರೆ? ಅದೂ ಗಂಡೇ ಆಗುತ್ತದೆ. ಮೊಟ್ಟೆಯೊಡೆದು ಬಂದ ಸ್ವಲ್ಪ ಹೊತ್ತಿಗೇ ಕೆಲಸಗಾರ ಜೇನುಗಳು ಆ ಮರಿಯನ್ನು ತಿಂದುಹಾಕುತ್ತವೆ. ಅಪರೂಪದ ಬಗೆ ಇರುವ ಹುಳುವಿಗೆ ಈ ಅಪಾಯ ಕಡಿಮೆ, ಅಲ್ವಾ? ಹಾಗಾಗಿ ಹೊಸ ಬಗೆಗಳು ಹುಟ್ಟಿದರೆ ಉಳಿದುಕೊಳ್ಳುತ್ತವೆ.

ಈ ಸಿಎಸ್‌ಡಿ ಬಂದಿದ್ದು ಎಲ್ಲಿಂದ? ಪಕ್ಕದಲ್ಲೇ ಫೆಮಿನೈಸರ್ ಅನ್ನುವ ಜೀನ್ ಇದೆ. ಅದು ಜೇನಿನ ಟ್ರಾನ್ಸ್‌ಫಾರ್ಮರ್. ಅದರ ಒಂದು ನಕಲು ಹುಟ್ಟಿಕೊಂಡು, ಕಾಲಕ್ರಮದಲ್ಲಿ ಬದಲಾಗಿ, ತನ್ನ ಮೂಲದ ಮೇಲೆಯೇ ಅಧಿಕಾರ ನಡೆಸತೊಡಗಿತು. ಕೆಳಗೆ ಡಬಲ್‌ಸೆಕ್ಸ್ ಮಾತ್ರ ಇದ್ದಲ್ಲೇ ಇದೆ. ಇಂಥ ಸಾಲು ಬುಡದಿಂದ ಮೇಲಕ್ಕೆ ಬೆಳೆಯುತ್ತದೆ ಅಂತ ಜೀವವಿಜ್ಞಾನಿ ಆಡಂ ವಿಲ್ಕಿನ್ಸ್ 1995ರಲ್ಲೇ ಹೇಳಿದ್ದರು. ಬುಡದ ಜೀನ್ ಹಳೆಯದು, ಮೇಲೆ ಕೂತವು ಆಮೇಲೆ ಬಂದವು.

ಬುಡವಾದರೂ ಮೊದಲಿನಿಂದ ಹೀಗೇ ಇತ್ತಾ? ಇಲ್ಲ. ಕೀಟಗಳ ನೆಂಟರಾದ ನೀರುಚಿಗಟ, ಅಂದರೆ ಡ್ಯಾಫ್ನಿಯಾದಲ್ಲಿ ಡಬಲ್‌ಸೆಕ್ಸ್ ಗಂಡಿನಲ್ಲಿ ಜಾಸ್ತಿ ಕೆಲಸ ಮಾಡುತ್ತದೆ, ಹೆಣ್ಣಿನಲ್ಲಿ ಕಡಿಮೆ. ಗಂಡಿಗೊಂದು ಹೆಣ್ಣಿಗೊಂದು ಅಂತ ಕತ್ತರಿಸುವ ವ್ಯವಸ್ಥೆ ಅಲ್ಲಿಲ್ಲ. ಜಿರಳೆಯಲ್ಲಿ ಆ ವ್ಯವಸ್ಥೆ ಬಂದಿದೆ, ಆದರೆ ಹೆಣ್ಣಿನ ರೂಪಕ್ಕೆ ಕೆಲಸ ಇದ್ದ ಹಾಗೆ ಕಾಣಲಿಲ್ಲ. ಅದನ್ನು ತೆಗೆದರೂ ಹೆಣ್ಣು ಜಿರಳೆ ಸರಿಯಾಗಿಯೇ ಬೆಳೆಯುತ್ತದೆ. ಇದು 2019ರ ಅಧ್ಯಯನ. ನನಗೆ ಇಲ್ಲಿ ಬಹಳ ಮುಖ್ಯವಾಗಿ ಕಾಣುವುದು ಏನೆಂದರೆ, ಕತ್ತರಿಸುವ ಪದ್ಧತಿ ಮೊದಲು ಬಂತು, ಹೆಣ್ಣಿನ ತುಂಡಿಗೆ ಕೆಲಸ ಆಮೇಲೆ ಸಿಕ್ಕಿತು. ಕೊಂಬಿರುವ ಒಂದು ಸಗಣಿಹುಳದಲ್ಲಿ ಆ ಕೆಲಸ ಕಣ್ಣಿಗೇ ಕಾಣುತ್ತದೆ. ಗಂಡಿನ ರೂಪ ತಲೆಯ ಮೇಲೆ ಕೊಂಬು ಬೆಳೆಸುತ್ತದೆ, ಹೆಣ್ಣಿನ ರೂಪ ಅದನ್ನು ತಡೆಯುತ್ತದೆ. ಹೆಣ್ಣುಹುಳದಲ್ಲಿ ಡಬಲ್‌ಸೆಕ್ಸ್ ಅಡಗಿಸಿದರೆ ಅದಕ್ಕೂ ಕೊಂಬು ಮೂಡುತ್ತದೆ.

ಕೊನೆಯದಾಗಿ ಸೊಳ್ಳೆ. ಆಫ್ರಿಕಾದಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಗ್ಯಾಂಬಿಯೆಯಲ್ಲಿ ಡಬಲ್‌ಸೆಕ್ಸ್‌ನ ಐದನೇ ಎಕ್ಸಾನ್ ಹೆಣ್ಣಿಗೆ ಮಾತ್ರ ಬೇಕು. ಗಂಡು ಅದನ್ನು ಹೇಗೂ ಬಿಟ್ಟುಬಿಡುತ್ತದೆ. 2018ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡ ಸರಿಯಾಗಿ ಆ ಎಕ್ಸಾನ್ ಶುರುವಾಗುವ ಜಾಗಕ್ಕೇ ಗುರಿಯಿಟ್ಟು, ತಲೆಮಾರಿನಿಂದ ತಲೆಮಾರಿಗೆ ತಾನಾಗಿ ಹರಡುವ ಬದಲಾವಣೆಯನ್ನು ಸೇರಿಸಿತು. ಅದರ ಎರಡು ಪ್ರತಿ ಪಡೆದ ಹೆಣ್ಣು ರಕ್ತ ಹೀರಲಾರದು, ಮೊಟ್ಟೆಯಿಡಲಾರದು. ಗಂಡಿಗೆ ಏನೂ ಆಗದ್ದರಿಂದ ಅದೇ ಬದಲಾವಣೆಯನ್ನು ಹೊತ್ತು ಹರಡುತ್ತದೆ. ಪ್ರಯೋಗದ ಪಂಜರಗಳಲ್ಲಿ 7ರಿಂದ 11 ತಲೆಮಾರಿನೊಳಗೆ ಸೊಳ್ಳೆಗಳ ಸಂತತಿಯೇ ನಿಂತುಹೋಯಿತು. ಇಂಥ ಪ್ರಯತ್ನಗಳಲ್ಲಿ ಸಾಮಾನ್ಯವಾಗಿ ಗುರಿಯ ಜಾಗದ ಡಿಎನ್‌ಎ ಅಕ್ಷರ ಬದಲಾಗಿ ಕೆಲವು ಸೊಳ್ಳೆಗಳು ತಪ್ಪಿಸಿಕೊಳ್ಳುತ್ತವೆ. ಇಲ್ಲಿ ಹಾಗಾಗಲಿಲ್ಲ. ಆ ಜಾಗದಲ್ಲಿ ಅಕ್ಷರ ತಪ್ಪಿದರೆ ಹೆಣ್ಣಿನ ರೂಪ ಸರಿಯಾಗಿ ತಯಾರಾಗುವುದಿಲ್ಲ, ತಪ್ಪಿಸಿಕೊಂಡ ಸೊಳ್ಳೆಗೆ ಮರಿಗಳೂ ಆಗುವುದಿಲ್ಲ.

ನಿಮ್ಮ ಪ್ರಶ್ನೆಗಳಿದ್ದರೆ ಈಗ ಕೇಳಬಹುದು.